‘ನಮ್ಮಜ್ಜಿ ಈಗ ಎಲ್ಲಿದ್ದಾರೆ?’ ಅಂತ ಗೆಳತಿ ಕೇಳಿದ್ಲು. ನೀವಾಗಿದ್ರೆ ಏನು ಹೇಳ್ತಿದ್ರಿ?

ಟಿಫನ್ ಬಾಕ್ಸ್ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಡಿಮೆ. ಈ ಸಲ ಒಂದು ಎಡವಟ್ಟು ಮಾಡ್ಕೊಂಡಿದೀನಿ, ಅದಕ್ಕೇ ಬರೀತಿದೀನಿ.

ನಾನು ಹುಟ್ಟಿನಿಂದ ಕ್ರೈಸ್ತ. ಬಳ್ಳಾರಿ ಕಡೆಯ ಮನೆತನ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಬೆಂಗಳೂರಲ್ಲಿ ಒಂದು ಆಡಿಟ್ ಆಫೀಸಲ್ಲಿ ಕೆಲಸ. ಪಕ್ಕದ ಟೇಬಲ್ಲಿನವಳು ಆರು ವರ್ಷದ ಗೆಳತಿ. ಅವಳ ಅಜ್ಜಿ ಹೋದ ತಿಂಗಳು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಸಿ ಆಫೀಸಿಗೆ ಬಂದ ದಿನ ಒಂದು ಡಬ್ಬಿ ತುಂಬ ಲಾಡು ತಂದಿದ್ಲು. ‘ಅಜ್ಜಿಗೆ ಇಷ್ಟ ಅಂತ ಮಾಡ್ಸಿದ್ದು, ತಗೋ’ ಅಂದ್ಲು. ನಾನು ‘ಬೇಡ, ಸ್ವಲ್ಪ ಶುಗರ್ ಇದೆ’ ಅಂದೆ. ನಂಗೆ ಯಾವ ಶುಗರ್ರೂ ಇಲ್ಲ. ದಿನಾ ಎರಡು ಚಮಚ ಸಕ್ಕರೆ ಹಾಕ್ಕೊಂಡು ಕಾಫಿ ಕುಡಿಯೋದನ್ನ ಅವಳೇ ನೋಡಿದಾಳೆ.

ಅವಳು ನಕ್ಕಳು. ‘ನೈವೇದ್ಯ ಆಗಿದೆ ಅಂತ ತಾನೆ?’ ಅಂದ್ಲು. ನಾನು ಸುಮ್ಮನಿದ್ದೆ. ಆಮೇಲೆ, ‘ಹೋಗ್ಲಿ ಬಿಡು. ಒಂದು ಕೇಳ್ತೀನಿ, ನಿಜ ಹೇಳು. ನಿಮ್ಮ ಪ್ರಕಾರ ನಮ್ಮಜ್ಜಿ ಈಗ ಎಲ್ಲಿದ್ದಾರೆ?’ ಅಂತ ಕೇಳಿದ್ಲು.

ನನ್ನ ಬಾಯಿಂದ ಯೋಹಾನ 14:6 ಬಂತು. ‘ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ’, ನನ್ನ ಮೂಲಕ ಹೊರತು ಯಾರೂ ತಂದೆಯ ಹತ್ತಿರ ಬರಲ್ಲ ಅಂತ ಯೇಸು ಹೇಳೋ ಆ ವಚನ. ಸಂಡೇ ಸ್ಕೂಲಲ್ಲಿ ಬಹುಮಾನಕ್ಕೆ ಬಾಯಿಪಾಠ ಮಾಡಿದ್ದು, ಹಾಗೇ ಒಪ್ಪಿಸಿಬಿಟ್ಟೆ. ಅವಳು ಡಬ್ಬಿ ಮುಚ್ಚಳ ಹಾಕಿ ಎದ್ದು ಹೋದ್ಲು. ನಾಲ್ಕು ದಿನ ಆಯ್ತು, ಫೈಲು ವಿಷಯ ಬಿಟ್ಟು ಬೇರೆ ಮಾತಿಲ್ಲ.

ಸುಳ್ಳು ಹೇಳೋಕೂ ಮನಸ್ಸಿಲ್ಲ, ಅವಳ ಮನಸ್ಸಿಗೆ ಚುಚ್ಚೋಕೂ ಆಗಲ್ಲ. ನೀವು ಏನು ಹೇಳ್ತಿದ್ರಿ?

ವಾಕ್ಯವೇ ದೀಪ

ಸಹೋದರರೇ, ನೀವು ತಪ್ಪು ಮಾಡಿಲ್ಲ. ಆಕೆ ನಿಜ ಹೇಳು ಅಂದರು, ನೀವು ಹೇಳಿದಿರಿ. ನಮ್ಮ ನಿರೀಕ್ಷೆಗೆ ಆಧಾರ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಬೇಕು ಅಂತ ಪೇತ್ರನೇ ಬರೆದಿದ್ದಾನೆ (1 ಪೇತ್ರ 3:15). ಕೇಳಿದವರಿಗೆ ನೋವಾಗುತ್ತೆ ಅಂತ ವಾಕ್ಯಕ್ಕೆ ಬೆಲ್ಲ ಸವರೋಕಾಗಲ್ಲ.

ಸಾಧನಕೇರಿ

ಆ ವಚನಾ ಅರ್ಧಕ್ಕ ನಿಲ್ಲಿಸಿದ್ರಲ್ಲ. ಮುಂದ ಓದ್ರಿ: ಸಾತ್ವಿಕತ್ವದಿಂದ ಉತ್ತರಾ ಹೇಳ್ರಿ ಅಂತನೂ ಅದ ಅಲ್ಲೇ.

ಟಿಫನ್ ಬಾಕ್ಸ್, ನಿನಗೊಂದ್ ಮಾತು. ಅಲ್ಲೋ ಮಾರಾಯಾ, ಮೊದಲ ಶುಗರ್ ಅದ ಅಂತ ಸುಳ್ಳ ಹೇಳಿದಿ, ಆಮ್ಯಾಲೆ ‘ನಾನೇ ಸತ್ಯ’ ಅನ್ನೋ ವಚನಾ ಹೇಳಿದಿ! ಆಕಿ ನಗದ ಏನ ಮಾಡ್ಬೇಕು.

ಇನ್ನೊಂದ್ ನೋಡು. ಯೋಹಾನ 14 ಯಾರಿಗೆ ಹೇಳಿದ್ದು? ಹೊರಗಿನವ್ರಿಗೆ ವಾದಾ ಮಾಡಾಕ ಹೇಳಿದ್ದಲ್ಲ. ಸಾಯೋ ಹಿಂದಿನ ರಾತ್ರಿ, ಊಟಕ್ಕ ಕೂತಾಗ, ಹೆದರಿದ ಗೆಳೆಯರಿಗೆ ಹೇಳಿದ್ದು. ‘ನೀ ಎಲ್ಲಿಗೆ ಹೊಂಟಿ ಅಂತನೇ ಗೊತ್ತಿಲ್ಲ, ದಾರಿ ಹೆಂಗ ಗೊತ್ತಾಗ್ಬೇಕು’ ಅಂತ ಶಿಷ್ಯ ತೋಮ ಕೇಳ್ತಾನ. ಅದಕ್ಕ ಬಂದ ಉತ್ತರ ಅದು. ಅಧ್ಯಾಯದ ಮೊದಲನೇ ಮಾತ ‘ನಿಮ್ಮ ಹೃದಯ ಕಳವಳಗೊಳ್ಳದೆ ಇರಲಿ’ ಅಂತ. ಸಮಾಧಾನಕ್ಕ ಕೊಟ್ಟ ಮಾತನ್ನ ನಾವು ಬಡಿಗಿ ಮಾಡ್ಕೊಂಡೇವಿ. ಸಾವಿನ ಮನಿಯಿಂದ ಬಂದಾಕಿ ಮುಂದ ಅದನ್ನ ಬೀಸಿದಿ.

ಮೊಂತಿ ಹೂವು

ಮಂಗಳೂರಿನ ಕೆಥೊಲಿಕ್ ನಾನು. ಈ ಪ್ರಶ್ನೆ ನಮಗೆ ಶಾಲೆಯಿಂದಲೇ ಅಭ್ಯಾಸ ಉಂಟು. ಹತ್ತಿರದ ಗೆಳತಿ ಬಂಟರವಳು, ಅವಳೂ ಒಮ್ಮೆ ಕೇಳಿದ್ದಳು, ‘ನಾನು ನರಕಕ್ಕಾ?’ ಅಂತ. ಹೋಗಿ ಫಾದರ್ ಹತ್ತಿರ ಕೇಳಿದೆ. ಅವರು ಕೆಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯ ಪತ್ರ ತೆಗೆದು ಓದಿ ಹೇಳಿದ್ದು ಈಗಲೂ ನೆನಪುಂಟು. 1964ರ ‘ಲೂಮೆನ್ ಜೆಂಟಿಯುಮ್’ನಲ್ಲಿ ಹೇಳಿದ್ದಾರೆ: ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು, ಆದರೆ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ ಆತ್ಮಸಾಕ್ಷಿಯಂತೆ ನಡೆದವರು ರಕ್ಷಣೆ ಹೊಂದಬಹುದು. ಮರುವರ್ಷ ಬಂದ ‘ನೊಸ್ತ್ರಾ ಎತಾತೆ’ಯಲ್ಲಿ ಹಿಂದೂ ಧರ್ಮದ ಹೆಸರನ್ನೇ ತೆಗೆದು, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಅಂತ ಬರೆದಿದ್ದಾರೆ.

‘ಬಹುದು’ ಎಂಬ ಪದ ಗಮನಿಸಿ. ಖಂಡಿತ ಹೊಂದುತ್ತಾರೆ ಅಂತ ಬರೆದಿಲ್ಲ, ಖಂಡಿತ ಇಲ್ಲ ಅಂತಲೂ ಇಲ್ಲ. ರಕ್ಷಣೆ ಯಾರಿಗೇ ಸಿಕ್ಕಿದರೂ ಕ್ರಿಸ್ತನಿಂದಲೇ ಅನ್ನುವುದನ್ನೂ ಸಭೆ ಬಿಟ್ಟಿಲ್ಲ. ಗೆಳತಿಗೆ ಅಷ್ಟನ್ನೇ ಹೇಳಿದೆ. ‘ಅಂದ್ರೆ ವೇಟಿಂಗ್ ಲಿಸ್ಟಾ ಮಾರಾಯ್ತಿ?’ ಅಂದಳು. ಈಗಲೂ ಅತ್ತೂರು ಜಾತ್ರೆಗೆ ಜೊತೆಗೇ ಹೋಗುವುದು ನಾವು. ಮೇಣದ ಬತ್ತಿ ಅವಳೇ ಜಾಸ್ತಿ ಹಚ್ಚುವುದು.

ವಾಕ್ಯವೇ ದೀಪ

ಮಹಾಸಭೆಗಳು ಏನು ಬೇಕಾದರೂ ಬರೆಯಲಿ. ನನ್ನದೊಂದು ಪ್ರಶ್ನೆ. ಕೊರ್ನೇಲ್ಯ ಅನ್ನುವ ರೋಮನ್ ಸೇನಾಧಿಕಾರಿ ಪ್ರಾರ್ಥನೆ, ದಾನಧರ್ಮ ಎಲ್ಲ ಮಾಡುವ ಒಳ್ಳೆಯ ಮನುಷ್ಯ ಅಂತ ಅಪೊಸ್ತಲರ ಕೃತ್ಯಗಳು 10ರಲ್ಲೇ ಇದೆ. ಅಷ್ಟೇ ಸಾಕಾಗಿದ್ದರೆ ದೇವರು ಪೇತ್ರನನ್ನು ಅವನ ಮನೆಗೆ ಯಾಕೆ ಕಳಿಸಿದ? ನಾನು ಕಠಿಣ ಮನುಷ್ಯ ಅಲ್ಲ. ನನ್ನ ತಂದೆ ನಂಬದೆ ತೀರಿಕೊಂಡರು. ಈ ಪ್ರಶ್ನೆ ನನಗೆ ಆಟವಲ್ಲ.

ನಿವೃತ್ತ ಅಯ್ಯ

ತಮ್ಮಾ, ನಿಮ್ಮ ಕೊನೆಯ ಎರಡು ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊರ್ನೇಲ್ಯನ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅದೇ ಅಧ್ಯಾಯದಲ್ಲಿ ‘ದೇವರು ಪಕ್ಷಪಾತಿಯಲ್ಲ’ ಅನ್ನುವುದೂ ಇದೆ. ಅದನ್ನು ಹೇಳಿದವನು ಪೇತ್ರ, ಆ ಮನೆಗೆ ಹೋದ ಮೇಲೆ ಕಲಿತದ್ದು. ಬದಲಾದವನು ಕೊರ್ನೇಲ್ಯ ಒಬ್ಬನೇ ಅಲ್ಲ. ರೋಮಾಪುರದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಪೌಲನೂ, ಧರ್ಮಶಾಸ್ತ್ರವೇ ಇಲ್ಲದ ಜನಗಳ ಹೃದಯದಲ್ಲಿ ಅದರ ತಾತ್ಪರ್ಯ ಬರೆದಿದೆ ಅನ್ನುತ್ತಾನೆ. ಇವೆಲ್ಲ ಒಂದೇ ಸತ್ಯವೇದದಲ್ಲಿ ಇವೆ. ಒಂದು ವಚನದಿಂದ ಇನ್ನೊಂದನ್ನು ಹೊಡೆದು ಬೀಳಿಸುವ ಕೆಲಸ ನಾನು ಮೂವತ್ತೈದು ವರ್ಷ ಪ್ರಸಂಗ ಪೀಠದಲ್ಲಿ ನಿಂತೂ ಮಾಡಲಾಗಲಿಲ್ಲ.

ನಿಮ್ಮ ತಂದೆಯವರ ನ್ಯಾಯಾಧೀಶ ನೀವಲ್ಲ, ನಾನೂ ಅಲ್ಲ. ಹೀಗೆ ಹೇಳುವುದು ಜಾರಿಕೊಳ್ಳುವುದಕ್ಕಲ್ಲ, ನಮ್ಮ ವಿಶ್ವಾಸ ಪ್ರಮಾಣದಲ್ಲೇ ಇರುವುದು: ಜೀವಿಸುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಬರುವವನು ಆತನು. ಪ್ರತಿ ಭಾನುವಾರ ಎದ್ದು ನಿಂತು ಹೇಳುತ್ತೇವೆ, ಸೋಮವಾರ ನಾವೇ ಆ ಕುರ್ಚಿಯಲ್ಲಿ ಕೂತುಬಿಡುತ್ತೇವೆ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಮೊದಲನೇ ಸಭೆಯಲ್ಲಿದ್ದಾಗ ಒಂದು ಮಗು ಕೆರೆಗೆ ಬಿದ್ದು ಹೋಯಿತು. ತಾಯಿ ಕೇಳಿದಳು, ‘ಅಯ್ಯನವರೇ, ನಾನು ಏನು ಪಾಪ ಮಾಡಿದ್ದೆ?’ ನಾನು ಆಗ ಇಪ್ಪತ್ತಾರರ ಹುಡುಗ, ‘ದೇವರ ಚಿತ್ತ’ ಅಂದೆ. ಆಕೆ ಮತ್ತೆ ಆಲಯದ ಮೆಟ್ಟಿಲು ಹತ್ತಲಿಲ್ಲ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ, ಹಾಗಲ್ಲ ಅಂತ ಯೇಸುವೇ ಹೇಳಿದ್ದು ಲೂಕ 13ರಲ್ಲಿದೆ. ಆ ತಾಯಿ ಕೇಳಿದ್ದಕ್ಕೆ ಅದು ನೇರವಾದ ಉತ್ತರ. ನನಗೆ ಗೊತ್ತಿತ್ತು, ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟರು.

ಬರೀ ಓದುಗ

ನಾನು ಹಿಂದೂ, ಇಲ್ಲಿ ಸುಮ್ಮನೆ ಓದೋನು. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳಬಹುದಾ?

ಪ್ರಸಾದ ಬೇಡ ಅಂದಾಗ ನಮಗೆ ಮೊದಲು ಅನ್ನಿಸೋದು ‘ನಮ್ಮ ದೇವರು ಬೇಡ ಅಂದ’ ಅಂತಲ್ಲ. ‘ನಮ್ಮನೇದು ಬೇಡ ಅಂದ’ ಅಂತ. ನೂರಾರು ವರ್ಷ ಯಾರು ಯಾರ ಮನೇಲಿ ಊಟ ಮಾಡ್ತಾರೆ ಅನ್ನೋದರ ಮೇಲೇ ಬದುಕಿದ ಊರುಗಳು ನಮ್ಮವು. ಆ ಹಳೇ ಗಾಯಕ್ಕೆ ತಾಗುತ್ತೆ. ಇನ್ನು, ಯೇಸು ಒಬ್ಬನೇ ದಾರಿ ಅಂತ ನೀವು ನಂಬೋದು ನಮಗೆ ಗೊತ್ತಿಲ್ಲದ್ದೇನಲ್ಲ. ಅದನ್ನ ಮುಚ್ಚಿಟ್ಟು ‘ಎಲ್ಲಾ ಒಂದೇ’ ಅಂತ ನಗೋರನ್ನ ಕಂಡ್ರೇ ಜಾಸ್ತಿ ಕಿರಿಕಿರಿ.

ಬಂದಿದ್ದೀನಿ ಅಂತ ಎರಡು ಪ್ರಶ್ನೆ ಕೇಳಿಬಿಡ್ತೀನಿ, ಬೇಜಾರಾಗಬೇಡಿ. ಒಂದು, ವಾಟ್ಸಾಪಲ್ಲಿ ದಿನಾ ಬರುತ್ತಲ್ಲ, ನಿಮ್ಮ ಹಿರಿಯರು ಅಕ್ಕಿಗೋಸ್ಕರ ಮತ ಬಿಟ್ರಾ? ಎರಡು, ಗೋವಾದ ಇನ್‌ಕ್ವಿಸಿಷನ್ (ಮತ ತಪ್ಪಿದೋರನ್ನ ಶಿಕ್ಷಿಸ್ತಿದ್ದ ಚರ್ಚಿನ ವಿಚಾರಣಾ ಮಂಡಳಿ) ಬಗ್ಗೆ ಯಾಕೆ ಯಾರೂ ಬಾಯಿ ಬಿಡಲ್ಲ?

ಜೆಪ್ಪು ಹೆಂಚು

ಒಂದನೆಯದಕ್ಕೆ ನಾನು ಹೇಳ್ತೇನೆ, ನಮ್ಮ ಮನೆಯ ಕಥೆಯೇ ಆದ್ದರಿಂದ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಸೇರಿದವರಲ್ಲಿ ಎಲ್ಲ ಥರದವರೂ ಇದ್ದರು. ಹಸಿವಿನಿಂದ ಬಂದವರೂ ಇದ್ದರು. ಇಲ್ಲ ಅಂತ ಯಾಕೆ ಹೇಳಬೇಕು? ಹಸಿದವನಿಗೆ ಅನ್ನ ಸಿಕ್ಕಿದ್ದರಲ್ಲಿ ನಾಚಿಕೆ ಎಂಥದ್ದು, ಅಲ್ಲಿಯವರೆಗೆ ಹಸಿದಿರಲು ಬಿಟ್ಟವರಿಗೆ ಬೇಕು ಅದು. ಆದರೆ ಕಥೆಯ ಇನ್ನೊಂದು ತುದಿ ಉಂಟು. ಮತ ಬಿಟ್ಟ ಕೂಡಲೇ ಗೇಣಿ ಹೋಯಿತು, ಕುಲಕಸುಬು ಹೋಯಿತು, ಮನೆಯಿಂದ ಹೊರಗೆ. ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಬೇಕಿತ್ತು. ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮಜ್ಜನ ಅಜ್ಜ ಅಲ್ಲಿ ಮಣ್ಣು ತುಳಿದವರು. ಪುಕ್ಕಟೆ ಅಕ್ಕಿ ತಿಂದ ಕೈಯಲ್ಲ ಅದು.

ಇನ್ನು 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರದ್ದು ಬ್ರಾಹ್ಮಣ ಮನೆತನ. ಅವರಿಗೆ ಯಾವ ಅಕ್ಕಿಯ ಕೊರತೆ ಇತ್ತು? ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ತಿರುಗಿ ಬಂದರು. ಆದರೆ ಕೌಂಡಿನ್ಯರ ಹೆಸರು ಹೇಳಿ ನಮ್ಮ ಅಜ್ಜಂದಿರ ಹಸಿವನ್ನು ಮರೆಸುವುದು ನನಗೆ ಇಷ್ಟವಿಲ್ಲ.

ಕೇರಿಯ ಹುಡುಗ

ಜೆಪ್ಪು ಅಣ್ಣ ಹೇಳಿದ್ದಕ್ಕೆ ನಂದೂ ಒಂದು ಸೇರಿಸಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತನಾದ್ರೆ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಜಾಗ ಇಲ್ಲ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದ್ರು. ನಮ್ಮನ್ನ ಇವತ್ತಿಗೂ ಇಲ್ಲ. ಅಕ್ಕಿ ಆಸೆಗೆ ಹೋದೋರು ಅನ್ನೋರಿಗೆ ಲೆಕ್ಕಾಚಾರ ಬರಲ್ಲ ಅಂತ ಕಾಣುತ್ತೆ.

ಆದ್ರೆ ಇದಕ್ಕಿಂತ ಕಷ್ಟದ ಪ್ರಶ್ನೆ ನನ್ನ ಹಿಂದೂ ಗೆಳೆಯನೊಬ್ಬ ಕೇಳಿದ್ದ. ‘ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅಂತೀರಲ್ಲ, ನಿಮ್ಮ ಮದುವೆ ಜಾಹೀರಾತಲ್ಲಿ ಜಾತಿ ಯಾಕೋ ಹಾಕ್ತೀರ?’ ಅದಕ್ಕೆ ಈ ಗುಂಪಲ್ಲಿ ಯಾರ ಹತ್ರ ಉತ್ತರ ಇದೆ? ತ್ರಿತ್ವ ಏನು ಅಂತ ಒಂದು ಗಂಟೆ ಮಾತಾಡ್ತೀವಿ.

ಮೊಂತಿ ಹೂವು

ನನ್ನ ಹತ್ತಿರ ಇಲ್ಲ. ನಮ್ಮಲ್ಲೂ ಬಾಮಣ್, ಚಾರೋಡಿ ಅಂತ ಜಾತಿಯನ್ನು ಮದುವೆ ಮಾತಿನ ಹೊತ್ತಿಗೆ ಮೆಲ್ಲ ವಿಚಾರಿಸುವವರು ಇನ್ನೂ ಇದ್ದಾರೆ. ತಪ್ಪು ಅಂತ ಗೊತ್ತಿದ್ದೂ ವಿಚಾರಿಸುತ್ತಾರೆ.

ಬರೀ ಓದುಗರೇ, ನಿಮ್ಮ ಎರಡನೇ ಪ್ರಶ್ನೆ ನನ್ನ ಪಾಲಿಗೆ. ಬಾಯಿ ಬಿಡುತ್ತೇನೆ. ಗೋವಾದಲ್ಲಿ ಇನ್‌ಕ್ವಿಸಿಷನ್ ಬಂದದ್ದು 1560ರಲ್ಲಿ. ಅದು ಕ್ರೂರವಾಗಿತ್ತು, ಸಭೆಯ ಹೆಸರಿನಲ್ಲೇ ನಡೆಯಿತು. ಅದರ ಕಣ್ಣು ಮುಖ್ಯವಾಗಿ ಇದ್ದದ್ದು ದೀಕ್ಷಾಸ್ನಾನ ಪಡೆದವರ ಮೇಲೆ, ಅಂದರೆ ನಮ್ಮ ಹಿರಿಯರ ಮೇಲೆ. ಬ್ಯಾಪ್ಟಿಸಮ್ ಆದ ಮೇಲೂ ಹಳೆಯ ಪದ್ಧತಿ ಇಟ್ಟುಕೊಂಡಿದ್ದಾರಾ ಅಂತ ನೋಡುವುದು. 1736ರ ಆಜ್ಞೆಯಲ್ಲಿ ಮನೆಯಂಗಳದ ತುಳಸಿ ನಿಷೇಧ, ಉಪ್ಪು ಹಾಕದೆ ಅನ್ನ ಬೇಯಿಸುವುದೂ ನಿಷೇಧ! ಬರ, ಯುದ್ಧ, ಇದು ಎಲ್ಲ ಸೇರಿ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಬಂದವು. ಅದರ ಕೈಯಿಂದ ತಪ್ಪಿಸಿಕೊಂಡವರ ಮರಿಮಕ್ಕಳ ಹತ್ತಿರ ಅದರ ಲೆಕ್ಕ ಕೇಳುವುದು ಸ್ವಲ್ಪ ತಮಾಷೆಯೇ. ಆದರೂ ಕೇಳಿ, ತೊಂದರೆ ಇಲ್ಲ.

ಬಿಟ್ಟು ಬಂದವನು

ನಾನು ಈ ಸಭೆ ಗಿಭೆ ಎಲ್ಲ ಬಿಟ್ಟು ಹದಿನೈದು ವರ್ಷ. ಪಿಯುಸಿಯಲ್ಲಿದ್ದಾಗ ಎರಡು ಪ್ರಶ್ನೆ ಕೇಳಿದ್ದೆ. ಮಾರ್ಕ 16ರ ಕೊನೆಯ ಹನ್ನೆರಡು ವಚನ ಅತಿ ಹಳೆಯ ಕೈಬರಹದ ಪ್ರತಿಗಳಲ್ಲಿ ಇಲ್ಲವಂತೆ, ಯಾಕೆ? 1 ಸಮುವೇಲ 15ರಲ್ಲಿ ಮೊಲೆ ಕುಡಿಯೋ ಕೂಸನ್ನೂ ಕೊಲ್ಲಿ ಅಂತ ದೇವರ ಹೆಸರಲ್ಲಿ ಹೇಳಿದ್ದು ನ್ಯಾಯವಾ? ‘ಇವು ಸೈತಾನನ ಪ್ರಶ್ನೆಗಳು’ ಅನ್ನೋ ಉತ್ತರ ಬಂತು. ಆವತ್ತೇ ಎದ್ದು ಬಂದೆ. ಜೊತೆಗೆ ಯೇಸು ಕಾಶ್ಮೀರಕ್ಕೆ ಬಂದಿದ್ದ ಅಂತಾರಲ್ಲ, ಅದನ್ನೂ ಯಾರಾದ್ರೂ ಹೇಳಿ.

ನಿವೃತ್ತ ಅಯ್ಯ

ಕಾಶ್ಮೀರದ್ದು ಬೇಗ ಮುಗಿಸೋಣ. ಲಡಾಖಿನ ಹೇಮಿಸ್ ಬೌದ್ಧ ಮಠದಲ್ಲಿ ಯೇಸುವಿನ ಕಥೆಯ ಹಸ್ತಪ್ರತಿ ನೋಡಿದೆ ಅಂತ ನೊಟೊವಿಚ್ ಎಂಬ ರಷ್ಯದವನು 1894ರಲ್ಲಿ ಪುಸ್ತಕ ಬರೆದ. ಮರುವರ್ಷ ಆಗ್ರಾದ ಪ್ರೊಫೆಸರ್ ಡಗ್ಲಸ್ ಅಲ್ಲಿಗೇ ಹೋಗಿ ಮುಖ್ಯ ಲಾಮಾರನ್ನು ಕೇಳಿದಾಗ ಅವರು ಅಂಥದ್ದೇನೂ ಇಲ್ಲ ಅಂದರು.

ಮಾರ್ಕನದು: ನೀವು ಕೇಳಿದ್ದು ನಿಜ. ಸೈನಾಯ್ಟಿಕಸ್, ವ್ಯಾಟಿಕಾನಸ್ ಎಂಬ ನಾಲ್ಕನೇ ಶತಮಾನದ ಪ್ರತಿಗಳು 8ನೇ ವಚನಕ್ಕೇ ನಿಲ್ಲುತ್ತವೆ. ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಅಷ್ಟಕ್ಕೇ ಮುಗಿಯಿತು. ಕೈಬರಹದಲ್ಲಿ ಇಳಿದು ಬಂದ ಯಾವ ಪುಸ್ತಕಕ್ಕೂ ಪಾಠಭೇದ ಇರುತ್ತದೆ, ನಮ್ಮ ಪಂಪನಿಗೂ ಇದೆ. ನಮ್ಮ ದೇವಶಾಸ್ತ್ರ ಕಾಲೇಜುಗಳಲ್ಲಿ ಇದನ್ನು ಪಾಠವಾಗಿಯೇ ಹೇಳಿಕೊಡುತ್ತಾರೆ. ಕಲಿತು ಬಂದವರು ಸಭೆಗೆ ಹೇಳಲು ಹೆದರುತ್ತೇವೆ. ನಿಮಗೆ ಉತ್ತರ ಹೇಳಿದವರಿಗೂ ಗೊತ್ತಿದ್ದಿರಬಹುದು.

ಸಮುವೇಲನದಕ್ಕೆ ಪಂಡಿತರು ಕೊಡುವ ಸಮಾಧಾನಗಳು ನನಗೆ ಗೊತ್ತು. ಆ ಕಾಲದ ಯುದ್ಧದ ಭಾಷೆ ಉತ್ಪ್ರೇಕ್ಷೆಯದು ಅನ್ನುತ್ತಾರೆ, ದೇವರ ಗುಣ ಕ್ರಿಸ್ತನಲ್ಲೇ ಪೂರ್ತಿ ತಿಳಿಯಿತು ಅನ್ನುತ್ತಾರೆ. ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆ ಅಧ್ಯಾಯದ ಮೇಲೆ ನಾನು ಒಂದು ಸಲವೂ ಪ್ರಸಂಗ ಮಾಡಲಿಲ್ಲ. ಅದನ್ನು ಧೈರ್ಯ ಅಂತ ಕರೆಯಲಾರೆ.

ಕಾರ್ಕಳದಿಂದ

ಸೈತಾನನ ಪ್ರಶ್ನೆ ಅಂದದ್ದು ಓದಿ ಪಂಡಿತಾ ರಮಾಬಾಯಿ ನೆನಪಾದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ತಾಲೂಕಿನ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆಯೂ ತ್ರಿತ್ವದ ಬಗ್ಗೆ ಅಲ್ಲಿನ ಕನ್ಯಾಸ್ತ್ರೀಯರ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದವರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ನಮ್ಮ ಸಂಸ್ಕೃತಕ್ಕಿಂತ ಅದರಲ್ಲಿ ಏನು ಹೆಚ್ಚಿದೆ ಅಂತಲೂ ಕೇಳಿದ್ದರು. ಅಷ್ಟೆಲ್ಲ ಕೇಳಿದವರು ಕೊನೆಗೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದು 1922ರಲ್ಲಿ ತೀರಿಕೊಂಡರು. ಅವರನ್ನು ಹದಿನೇಳನೇ ವಯಸ್ಸಿನಲ್ಲಿ ಸಂಡೇ ಸ್ಕೂಲಿನಿಂದ ಓಡಿಸಿದ್ದರೆ?

ಬಿಟ್ಟು ಬಂದವನು

ಅಯ್ಯನವರೇ, ಆವತ್ತು ನೀವು ಸಿಕ್ಕಿದ್ದರೆ ಬಿಡ್ತಿರಲಿಲ್ಲ ಅಂತ ಹೇಳಲ್ಲ. ಇನ್ನೊಂದೆರಡು ವರ್ಷ ಇರ್ತಿದ್ದೆನೇನೋ.

ಕೋಲಾರದವಳು

ಲಾಡು ವಿಷಯ ಎಲ್ಲರೂ ಮರೆತ್ರಲ್ಲ. ನನಗೆ ಇದು ದಿನದ ಸಮಸ್ಯೆ, ನಮ್ಮನೇಲಿ ನಂಬಿದವಳು ನಾನೊಬ್ಬಳೇ. ಅಮ್ಮ ಇವತ್ತಿಗೂ ಕೋಲಾರಮ್ಮನ ಗುಡಿಗೆ ಹೋಗಿ ಬಂದೇ ಒಲೆ ಹಚ್ಚೋದು.

ಪೌಲ ಕೊರಿಂಥದವರಿಗೆ ಬರೆದದ್ದು ಎರಡೂ ಕಡೆ ಇದೆ. ಆಹಾರದಿಂದ ದೇವರಿಗೆ ಹತ್ತಿರವೂ ಆಗಲ್ಲ ದೂರವೂ ಆಗಲ್ಲ, ಯಾರಾದ್ರೂ ಕರೆದ್ರೆ ಬಡಿಸಿದ್ದನ್ನ ವಿಚಾರಣೆ ಮಾಡದೆ ತಿನ್ನಿ ಅಂತಾನೆ. ‘ಇದು ನೈವೇದ್ಯದ್ದು’ ಅಂತ ಅವರೇ ಹೇಳಿದ್ರೆ ಬೇಡ, ಹೇಳಿದವರ ಸಲುವಾಗಿ, ಅಂತಾನೆ. ಹಾಗಾಗಿ ತಿನ್ನೋರನ್ನ ನಾನು ಬಯ್ಯಲ್ಲ, ನಾನು ತಿನ್ನಲ್ಲ. ಆದ್ರೆ ಶುಗರ್ ಗಿಗರ್ ಅನ್ನಲಿಲ್ಲ. ಮೊದಲನೇ ಯುಗಾದಿಗೇ ಅಮ್ಮನ ಪಕ್ಕ ಕೂತು ಹೇಳಿದೆ: ‘ನಿನ್ನ ಕೈಯಡುಗೆ ಬೇಡ ಅಲ್ಲಮ್ಮ, ಪೂಜೆಗಿಟ್ಟಿದ್ದು ಮಾತ್ರ ಆಗಲ್ಲ.’ ಅಮ್ಮ ಎರಡು ದಿನ ಮಾತು ಬಿಟ್ರು. ಮೂರನೇ ವರ್ಷದಿಂದ ನೈವೇದ್ಯಕ್ಕೆ ಎತ್ತಿಡೋ ಮುಂಚೆ ನನಗೆ ಒಂದು ಡಬ್ಬಿ ಹೋಳಿಗೆ ಬೇರೆ ತೆಗೆದಿಡ್ತಾರೆ. ದೇವರಿಗಿಂತ ಮುಂಚೆ ಮಗಳಿಗೆ. ಅವರ ಲೆಕ್ಕದಲ್ಲಿ ಅದು ಎಷ್ಟು ದೊಡ್ಡ ವಿಷಯ ಅಂತ ನಿಮಗೆಲ್ಲ ಗೊತ್ತೇ ಇದೆ. ನಾನು ಅಮ್ಮನಿಗೋಸ್ಕರ ಬಿಟ್ಟುಕೊಟ್ಟದ್ದು ಏನೂ ಇಲ್ಲ, ನೋಡಿದ್ರೆ.

ಟಿಫನ್ ಬಾಕ್ಸ್ (ಶುಕ್ರವಾರ)

ಎಲ್ಲಾ ಓದಿದೆ, ಎರಡೆರಡು ಸಲ. ಇವತ್ತು ಕಾಫಿಗೆ ಹೋದಾಗ ಮಾತಾಡಿದೆ.

‘ಆವತ್ತು ಶುಗರ್ ಅಂದಿದ್ದು ಸುಳ್ಳು’ ಅಂದೆ. ‘ಗೊತ್ತು’ ಅಂದ್ಲು. ಪೂಜೆಗಿಟ್ಟಿದ್ದು ತಿನ್ನಲ್ಲ, ನಿಮ್ಮನೇದು ಅಂತ ಅಲ್ಲ ಅಂದೆ. ‘ಅದನ್ನ ಮೊದಲನೇ ವರ್ಷವೇ ಹೇಳಿದ್ರೆ ಆಗ್ತಿರ್ಲಿಲ್ವಾ’ ಅಂದ್ಲು. ಅಜ್ಜಿ ವಿಷಯಕ್ಕೆ, ಯೇಸುವೇ ದಾರಿ ಅಂತ ನಂಬಿರೋದು ನಿಜ, ಅದನ್ನ ಮುಚ್ಚಿಡಲ್ಲ, ಆದ್ರೆ ನಿಮ್ಮಜ್ಜಿ ಎಲ್ಲಿದ್ದಾರೆ ಅಂತ ಹೇಳೋ ಅಧಿಕಾರ ನನಗಿಲ್ಲ, ತೀರ್ಪು ಹೇಳೋನು ನನಗಿಂತ ಒಳ್ಳೆಯವನು ಅಂದೆ. ಅಯ್ಯನವರ ಮಾತು ಕದ್ದೆ, ಕ್ಷಮಿಸಿ.

ಅವಳು ಕಪ್ ತಿರುಗಿಸ್ತಾ ಕೂತಿದ್ಲು. ಆಮೇಲೆ ಕೇಳಿದ್ಲು: ‘ದೀಪಾವಳಿಗೆ ನಿನ್ನ ಮಗಳು ಬಂದಾಗ ಅಜ್ಜಿ ತೊಡೆ ಮೇಲೇ ಕೂತು ಕೋಡುಬಳೆ ತಿಂದ್ಲಲ್ಲ. ಅವಳು ಕೇಳಿದ್ರೆ ಏನು ಹೇಳ್ತೀಯ?’

ಮಗಳಿಗೆ ಏಳು ವರ್ಷ. ಆ ಕೋಡುಬಳೆ ಅಜ್ಜಿ ಹೋದ್ರು ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಸಾಧನಕೇರಿ

ಹೇಳು, ಮುಚ್ಚಿಡಬ್ಯಾಡ. ನಾ ಇಪ್ಪತ್ತ ವರ್ಷ ಸಂಡೇ ಸ್ಕೂಲ್ ನಡಸೇನಿ. ಆ ವಯಸ್ಸಿನ ಹುಡುಗ್ರು ಎಲ್ಲಿಗೆ ಹೋದ್ರು ಅಂತ ಒಂದ್ ಸಲ ಕೇಳ್ತಾವ, ಅವರಿಗೆ ಈಗ ಹಸಿವು ಆಗ್ತದೇನು ಅಂತ ಹತ್ತ ಸಲ ಕೇಳ್ತಾವ. ಪ್ರಾರ್ಥನಾ ಮಾಡೂ ಮುಂದ ಆ ಅಜ್ಜಿ ಸಲುವಾಗಿ ದೇವರಿಗೆ ಸ್ತೋತ್ರ ಹೇಳು ಅನ್ನು. ಸತ್ತವರ ಸಲುವಾಗಿ ಬೇಡ್ಕೊಳ್ಳೂದು ನಮ್ಮ ಸಭಾದಾಗ ಇಲ್ಲ, ಖರೆ. ಕೋಡಬಳಿಗೆ ಸ್ತೋತ್ರ ಹೇಳಾಕ ಯಾರ ಬ್ಯಾಡ ಅಂತಾರ?

ವಾಕ್ಯವೇ ದೀಪ

ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ಮೊಂತಿ ಹೂವು

ನಿಮ್ಮಲ್ಲಿ ಇಲ್ಲದಿದ್ದರೆ ನಮ್ಮಲ್ಲಿ ಉಂಟು. ನವೆಂಬರ್ 2 ಸತ್ತವರೆಲ್ಲರ ಸ್ಮರಣೆಯ ದಿನ, ತೀರಿಹೋದವರ ಹೆಸರು ಬರೆದು ಇಗರ್ಜಿಯಲ್ಲಿ ಕೊಡುತ್ತೇವೆ, ಪೂಜೆಯಲ್ಲಿ ನೆನೆಯುತ್ತಾರೆ. ಕ್ರೈಸ್ತರೇ ಆಗಬೇಕು ಅಂತ ಇಲ್ಲ. ಗೆಳತಿಯ ಒಪ್ಪಿಗೆ ಕೇಳಿ, ಬೇಡ ಅಂದರೆ ಬಿಡಿ. ಸರಿ ಅಂದರೆ ಅಜ್ಜಿಯ ಹೆಸರು ಹೇಳಿ, ನನ್ನ ಚೀಟಿಯಲ್ಲಿ ಬರೆಯುತ್ತೇನೆ.

ಟಿಫನ್ ಬಾಕ್ಸ್

ಹೆಸರು ನನಗೆ ಗೊತ್ತಿಲ್ಲ. ಆರು ವರ್ಷ ‘ಅಜ್ಜಿ’ ಅಂತಲೇ ಕರೆದಿದ್ದು.

ಸೋಮವಾರ ಕೇಳ್ತೀನಿ.